ಸೀಮೆಎಣ್ಣೆ ಹೋದ ಮೇಲೆ ನಾಡದೋಣಿಗೆ ಯಾವ ಎಂಜಿನ್?

ಮೆಕ್ಯಾನಿಕ್ ಎಂಜಿನ್ನಿನ ಅಡಿಯ ಬೋಲ್ಟ್ ಬಿಚ್ಚಿದಾಗ ತಟ್ಟೆಗೆ ಇಳಿದದ್ದು ಎಣ್ಣೆಯ ಹಾಗೆ ಕಾಣಲಿಲ್ಲ. ಹಾಲು ಹೆಚ್ಚಾದ ಚಹಾದ ಬಣ್ಣ, ಮೇಲೆ ನೊರೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಕುಂದಾಪುರದ ಕಡೆಯ ಕಡಲತಡಿಯ ಶೆಡ್ಡೊಂದರಲ್ಲಿ ಇದನ್ನು ನೋಡುತ್ತ ನಿಂತಿದ್ದೆ. ಹಿಂದಿನ ದಿನ, ಹೊಳೆ ಕಡಲು ಸೇರುವ ಅಳಿವೆಯಲ್ಲಿ, ಅಲೆಗೆ ದೋಣಿ ಮಗುಚಿತ್ತು. ಒಳಗಿದ್ದವರು ಈಜಿ ದಡ ಸೇರಿದ್ದರು, ಬಲೆ ಅರ್ಧ ಸಿಕ್ಕಿತ್ತು, ದೋಣಿಯನ್ನೂ ಅದಕ್ಕೆ ಕಚ್ಚಿಕೊಂಡಿದ್ದ ಎಂಜಿನ್ನನ್ನೂ ಇಳಿತದ ಹೊತ್ತಿನಲ್ಲಿ ಹಗ್ಗ ಹಾಕಿ ಎಳೆದು ತಂದಿದ್ದರು. ಎಂಟು ತಿಂಗಳ ಹಿಂದೆ ಕೊಂಡ ಫೋರ್ ಸ್ಟ್ರೋಕ್ ಎಂಜಿನ್ ಅದು. ಅದರ ಪಕ್ಕದಲ್ಲಿ, ಅದೇ ವಾರ ಉಪ್ಪುನೀರು ಕುಡಿದಿದ್ದ ಹಳೆಯ ಟೂ ಸ್ಟ್ರೋಕ್ ಒಂದು ಕೆಲಸ ಮುಗಿಸಿಕೊಂಡು ಒಡೆಯನಿಗಾಗಿ ಕಾಯುತ್ತಿತ್ತು. ಅದರ ಪ್ಲಗ್ ಬಿಚ್ಚಿ, ತಲೆಕೆಳಗಾಗಿಸಿ, ದಾರ ಎಳೆದು ನೀರು ಕಾರಿಸಿ, ಸಿಹಿನೀರಿನಲ್ಲಿ ತೊಳೆದು ಎಣ್ಣೆ ಬಿಟ್ಟು ಮರುದಿನವೇ ಓಡಿಸಿ ನೋಡಿದ್ದರಂತೆ. ಹೊಸದರ ಒಡೆಯ ಕೇಳುವ ಮೊದಲೇ ಮೆಕ್ಯಾನಿಕ್ ಹೇಳಿದ: "ಇದ್ ಒಂದ್ ದಿನದ್ ಕೆಲ್ಸ ಅಲ್ಲ ಮಾರಾಯ್ರೆ."

ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂಬ ಪ್ರಶ್ನೆ ಅಮೆರಿಕ, ಯುರೋಪುಗಳಲ್ಲಿ ಬಹುಮಟ್ಟಿಗೆ ಮುಗಿದ ಅಧ್ಯಾಯ. ನಮ್ಮ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ನಾಡದೋಣಿಗಳಲ್ಲಿ ಮಾತ್ರ ಅದು ಈಗ ಬಿಸಿಯೇರಿದೆ. ಅದಕ್ಕೆ ಕಾರಣ ಎಂಜಿನ್ನಲ್ಲ, ಸೀಮೆಎಣ್ಣೆ. ದೋಣಿಯ ಹಿಂಬದಿಯ ಹಲಗೆಗೆ ಕಚ್ಚಿಸುವ ಔಟ್‌ಬೋರ್ಡ್ ಎಂಜಿನ್ ಇಲ್ಲಿ ದಶಕಗಳ ಕಾಲ ನಡೆದದ್ದು ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುವ ಪದ್ಧತಿಯಲ್ಲಿ. ರಿಯಾಯಿತಿ ದರದ ಸೀಮೆಎಣ್ಣೆ ಸಿಗುತ್ತಿದ್ದಷ್ಟು ಕಾಲ ಎಂಜಿನ್ ಎಷ್ಟು ಕುಡಿಯುತ್ತದೆ ಎಂಬುದನ್ನು ಯಾರೂ ತೀರಾ ತಲೆಗೆ ಹಚ್ಚಿಕೊಳ್ಳಲಿಲ್ಲ. ಕೇಂದ್ರ ಸರ್ಕಾರವು ಪಡಿತರ ಸೀಮೆಎಣ್ಣೆಯ ದರವನ್ನು 2016ರಿಂದ 25 ಪೈಸೆಯ ಸಣ್ಣ ಕಂತುಗಳಲ್ಲಿ ಏರಿಸುತ್ತ ಬಂದು, 2020ರ ಹೊತ್ತಿಗೆ ಸಬ್ಸಿಡಿಯನ್ನೇ ಇಲ್ಲವಾಗಿಸಿದ ಮೇಲೆ ಆ ನಿಶ್ಚಿಂತೆ ಹೋಯಿತು. ರಾಜ್ಯ ಸರ್ಕಾರ 2023ರ ಜುಲೈ ಬಜೆಟ್ಟಿನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಹೋಗುವ ದೋಣಿಗಳಿಗೆ ತಲಾ 50,000 ರೂಪಾಯಿ ಸಹಾಯಧನ ಪ್ರಕಟಿಸಿತು. ಹಾಗಾಗಿ ದೋಣಿಯ ಮಾಲೀಕನ ಮುಂದೆ ಈಗಿರುವುದು ಪೆಟ್ರೋಲಿನ ಎಂಜಿನ್ ಕೊಳ್ಳಬೇಕೇ ಬೇಡವೇ ಎಂಬುದಲ್ಲ, ಯಾವ ಬಗೆಯದನ್ನು ಕೊಳ್ಳಬೇಕು ಎಂಬುದು.

ಎರಡರ ಒಳಗೂ ನಡೆಯುವುದೇನು ಎಂಬುದನ್ನು ಬೈಕಿನ ನೆನಪಿನಿಂದಲೇ ಹೇಳಬಹುದು. ಆರ್‌ಎಕ್ಸ್ 100 ಅಥವಾ ಹಳೆಯ ಬಜಾಜ್ ಸ್ಕೂಟರ್ ಇಟ್ಟುಕೊಂಡಿದ್ದವರಿಗೆ ಪೆಟ್ರೋಲ್ ಬಂಕಿನಲ್ಲಿ ಎಣ್ಣೆ ಬೆರೆಸಿಸಿಕೊಳ್ಳುತ್ತಿದ್ದದ್ದು, ಬೆಳಿಗ್ಗೆ ಕಿಕ್ ಹೊಡೆದರೆ ಅಂಗಳ ತುಂಬುತ್ತಿದ್ದ ನೀಲಿ ಹೊಗೆ ನೆನಪಿರುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಒಮ್ಮೆ ಇಂಧನ ಉರಿಯುತ್ತದೆ. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಮ್ಮೆ. ಆದ್ದರಿಂದಲೇ ಒಂದೇ ಗಾತ್ರದ ಎರಡರಲ್ಲಿ ಟೂ ಸ್ಟ್ರೋಕ್ ಹೆಚ್ಚು ಚುರುಕು, ಹೆಚ್ಚು ಹಗುರ. ಅದಕ್ಕೆ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಅಡಿಯಲ್ಲಿ ಎಣ್ಣೆಯ ಬಟ್ಟಲೂ ಇಲ್ಲ; ಇಂಧನದ ಜತೆ ಬೆರೆತ ಎಣ್ಣೆಯೇ ಬೇರಿಂಗುಗಳನ್ನು ನೆನೆಸಿ, ಆಮೇಲೆ ಉರಿದು ಹೋಗುತ್ತದೆ. ಈ ಸರಳತೆಯ ಬೆಲೆ ಇರುವುದು ಹೊಗೆ ಹೋಗುವ ಕಿಂಡಿಯಲ್ಲಿ. ಉರಿದ ಹೊಗೆಯನ್ನು ಹೊರದಬ್ಬುವುದು ಹೊಸದಾಗಿ ಒಳಬರುವ ಇಂಧನದ ಮಿಶ್ರಣವೇ ಆದ್ದರಿಂದ, ಎರಡೂ ಕಿಂಡಿಗಳು ತೆರೆದಿರುವ ಆ ಕ್ಷಣದಲ್ಲಿ ಅದರ ಒಂದು ಪಾಲು ಉರಿಯದೆ ಹೊಗೆಯ ಜತೆಗೇ ಹೊರಟುಬಿಡುತ್ತದೆ. ಇಂಧನವನ್ನು ಹೊರಗೇ ಗಾಳಿಯ ಜತೆ ಬೆರೆಸಿ ಕಳಿಸುವ ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿಗಳಲ್ಲಿ ಹೀಗೆ ಸೋರುವುದು ಹಾಕಿದ ಇಂಧನದ ಶೇ 25ರಿಂದ 30ರವರೆಗೂ ಇರುತ್ತದೆ.

ರಸ್ತೆಯಲ್ಲಿ ಆದರೆ ಅದು ಗಾಳಿಗೆ ಹೋಗುತ್ತಿತ್ತು. ಔಟ್‌ಬೋರ್ಡಿನ ಹೊಗೆ ಬಹುತೇಕ ಪ್ರೊಪೆಲ್ಲರಿನ ಬಳಿ ನೀರಿನ ಅಡಿಯಲ್ಲೇ ಹೊರಬರುವುದರಿಂದ ಇಲ್ಲಿ ಅದು ಮೊದಲು ಸೇರುವುದು ನೀರನ್ನು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ಔಟ್‌ಬೋರ್ಡುಗಳಿಗೆ ಮಾಲಿನ್ಯ ಮಿತಿ ವಿಧಿಸಿದ್ದೂ, ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ಗಡಿಯ ಟಾಹೋ ಸರೋವರದಲ್ಲಿ 1999ರಿಂದ ಕಾರ್ಬ್ಯುರೇಟರಿನ ಟೂ ಸ್ಟ್ರೋಕುಗಳನ್ನು ನಿಷೇಧಿಸಿದ್ದೂ ಇದೇ ಕಾರಣಕ್ಕೆ. ಸಿಲಿಂಡರಿನ ಒಳಗೇ ನೇರವಾಗಿ ಇಂಧನ ಸಿಂಪಡಿಸಿ ಸೋರಿಕೆ ತಡೆಯುವ ಟೂ ಸ್ಟ್ರೋಕುಗಳೂ ಬಂದವು. ಆದರೆ ಅವುಗಳಲ್ಲಿ ಹೆಸರುವಾಸಿಯಾಗಿದ್ದ ಎವಿನ್‌ರೂಡ್ ಎಂಜಿನ್ನಿನ ತಯಾರಿಕೆಯೇ 2020ರಲ್ಲಿ ನಿಂತಿತು. 1909ರ ಸುಮಾರಿಗೆ ಔಟ್‌ಬೋರ್ಡನ್ನು ವ್ಯಾಪಾರದ ಸರಕಾಗಿಸಿದ ಹೆಸರೂ ಅದೇ ಆಗಿತ್ತು. ಈಗ ಉಳಿದಿರುವ ಹೊಸ ಟೂ ಸ್ಟ್ರೋಕುಗಳು ಹೆಚ್ಚಾಗಿ ಏಷ್ಯಾ, ಆಫ್ರಿಕಾಗಳ ಮೀನುಗಾರರಿಗಾಗಿ ತಯಾರಾಗುವ ಹಳೆಯ ಮಾದರಿಯವು. ಅಂದರೆ ನಮ್ಮವರ ಆಯ್ಕೆಯಲ್ಲಿ ನಡುವಿನ ದಾರಿ ಎಂಬುದಿಲ್ಲ.

ಇನ್ನು ಲೆಕ್ಕ. ಪೂರ್ತಿ ವೇಗದಲ್ಲಿ ಕಾರ್ಬ್ಯುರೇಟರಿನ ಟೂ ಸ್ಟ್ರೋಕ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಅರ್ಧ ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಫೋರ್ ಸ್ಟ್ರೋಕಿಗೆ ಸುಮಾರು 350 ಮಿಲಿಲೀಟರ್ ಸಾಕು. 9.9 ಅಶ್ವಶಕ್ತಿಯ ಎಂಜಿನ್ನಿಗೆ ಇದು ಗಂಟೆಗೆ ಐದು ಲೀಟರ್ ಮತ್ತು ಮೂರೂವರೆ ಲೀಟರ್ ಎಂದಾಗುತ್ತದೆ. ದಿನಕ್ಕೆ ಮೂರು ಗಂಟೆ ಎಂಜಿನ್ ಓಡಿಸಿ ವರ್ಷಕ್ಕೆ 120 ದಿನ ಕಡಲಿಗಿಳಿಯುವ ದೋಣಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ದಿನಕ್ಕೆ ನಾಲ್ಕೂವರೆ ಲೀಟರಿನಂತೆ ವರ್ಷಕ್ಕೆ 540 ಲೀಟರ್ ಉಳಿಯುತ್ತದೆ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ 54,000 ರೂಪಾಯಿ. ಸರ್ಕಾರದ ಸಹಾಯಧನಕ್ಕಿಂತ ಇದೇ ಹೆಚ್ಚು, ಅದೂ ಪ್ರತಿ ವರ್ಷ. ಇದರ ಮೇಲೆ, 50 ಪಾಲು ಪೆಟ್ರೋಲಿಗೆ ಒಂದು ಪಾಲಿನಂತೆ ಬೆರೆಸಿದರೆ ಟೂ ಸ್ಟ್ರೋಕಿಗೆ ದಿನಕ್ಕೆ 300 ಮಿಲಿಲೀಟರ್ ಎಣ್ಣೆ ಬೇಕು. ವರ್ಷಕ್ಕೆ 36 ಲೀಟರ್. ಫೋರ್ ಸ್ಟ್ರೋಕಿನಲ್ಲಿ ಬಟ್ಟಲಿನ ಎಣ್ಣೆಯನ್ನು ಮೊದಲ 20 ಗಂಟೆಗೊಮ್ಮೆ, ಆಮೇಲೆ 100 ಗಂಟೆಗೊಮ್ಮೆ ಬದಲಿಸಿದರಾಯಿತು, ಪ್ರತಿ ಸಲಕ್ಕೆ ಒಂದು ಲೀಟರಿನ ಆಸುಪಾಸು.

ವೇಗ ಇಳಿದಂತೆ ಈ ಅಂತರ ಇನ್ನೂ ಅಗಲವಾಗುತ್ತದೆ. ಬಲೆ ಬಿಡುವಾಗ, ಎಳೆಯುವಾಗ, ಮೀನಿನ ಹಿಂಡು ಹುಡುಕುತ್ತ ನಿಧಾನ ಸಾಗುವಾಗ ಟೂ ಸ್ಟ್ರೋಕಿನ ಸೋರಿಕೆ ಹೆಚ್ಚು. ಎಣ್ಣೆಯ ಮಸಿ ಕಟ್ಟಿ ಪ್ಲಗ್ ಕೈಕೊಡುವುದೂ ಆಗಲೇ. ದೋಣಿಯಲ್ಲಿ ಯಾವಾಗಲೂ ಎರಡು ಪ್ಲಗ್, ಒಂದು ಸ್ಪ್ಯಾನರ್, ಒಂದು ತುಂಡು ಮರಳುಕಾಗದ ಇಟ್ಟುಕೊಳ್ಳುವ ರೂಢಿ ಹುಟ್ಟಿದ್ದು ಸುಮ್ಮನೆ ಅಲ್ಲ. ಫೋರ್ ಸ್ಟ್ರೋಕ್ ನಿಧಾನದಲ್ಲೂ ಒಂದೇ ಸಮನೆ ಓಡುತ್ತದೆ, ಅದರ ಸದ್ದಿನ ಮೇಲೆ ಪಕ್ಕದವನ ಮಾತು ಕೇಳುತ್ತದೆ. ಮೂವತ್ತು ವರ್ಷ ಎಂಜಿನ್ ಹಿಡಿದ ತಾಂಡೇಲರ ಕಿವಿಯ ಸ್ಥಿತಿ ನೋಡಿದವರಿಗೆ ಇದೊಂದು ಸಣ್ಣ ಸಂಗತಿ ಎನಿಸದು.

ಆದರೂ ಈ ಲೆಕ್ಕವನ್ನು ಎಲ್ಲ ದೋಣಿಗೂ ಹಚ್ಚುವಂತಿಲ್ಲ. ದಡದಿಂದ ಇಪ್ಪತ್ತು ನಿಮಿಷ ಹೋಗಿ ಬಲೆ ಬಿಟ್ಟು, ಎಂಜಿನ್ ನಿಲ್ಲಿಸಿ ಕಾದು, ಎಳೆದುಕೊಂಡು ಬರುವ ಸಣ್ಣ ದೋಣಿಯ ಎಂಜಿನ್ ದಿನಕ್ಕೆ ಒಂದು ಗಂಟೆಯೂ ಓಡುವುದಿಲ್ಲ. ಅದರ ಮಾಲೀಕನ ಉಳಿತಾಯ ವರ್ಷಕ್ಕೆ ಹದಿನೆಂಟು ಸಾವಿರವನ್ನು ಮೀರದು. ಹೊಸ ಫೋರ್ ಸ್ಟ್ರೋಕಿಗೆ ಕೊಡುವ ಹೆಚ್ಚುವರಿ ಬೆಲೆ, ಸಾಲವಾದರೆ ಅದರ ಬಡ್ಡಿ, ಹಿಂದಿರುಗಲು ಬಹಳ ಕಾಲ ಹಿಡಿಯುತ್ತದೆ. ಎಂಜಿನ್ ಮಾರುವವರು ಹೇಳುವ ಉಳಿತಾಯದ ಶೇಕಡಾವಾರು ನಿಜವೇ ಇರಬಹುದು. ಶೇಕಡ ಮೂವತ್ತು ಎಂದರೆ ಯಾವುದರ ಶೇಕಡ ಮೂವತ್ತು ಎಂದು ಕೇಳಬೇಕಾದವನು ಕೊಳ್ಳುವವನು.

ಸೀಮೆಎಣ್ಣೆಯ ಅಭ್ಯಾಸ ಇರುವವರು ಇಲ್ಲೊಂದು ಕಡೆ ಎಚ್ಚರ ವಹಿಸಬೇಕು. ಪೆಟ್ರೋಲ್ ದುಬಾರಿಯೆಂದು ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ನಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸುವ ಯೋಚನೆ ಸಹಜವಾಗಿ ಬರುತ್ತದೆ, ಬೆರೆಸಿ ನೋಡಿದವರೂ ಇದ್ದಾರೆ. ಸೀಮೆಎಣ್ಣೆ ಪೆಟ್ರೋಲಿನಷ್ಟು ಸಲೀಸಾಗಿ ಆವಿಯಾಗುವುದಿಲ್ಲ. ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯನ್ನು ತೊಳೆದುಕೊಂಡು ಕೆಳಗಿಳಿದು ಬಟ್ಟಲಿನ ಎಣ್ಣೆಯನ್ನು ಸೇರಿ ಅದನ್ನು ತೆಳುವಾಗಿಸುತ್ತದೆ. ಟೂ ಸ್ಟ್ರೋಕಿನಲ್ಲಿ ಪ್ರತಿ ಹನಿಯೊಂದಿಗೆ ಹೊಸ ಎಣ್ಣೆ ಬರುತ್ತಿರುವುದರಿಂದ ಈ ತಪ್ಪು ಮಾಫಿಯಾಗುತ್ತದೆ. ಫೋರ್ ಸ್ಟ್ರೋಕಿನಲ್ಲಿ ಬೇರಿಂಗ್ ಹೋಗುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಎಣ್ಣೆಯ ಮಟ್ಟ ಇಳಿಯುವ ಬದಲು ಏರಿದ್ದರೆ ಸಂತೋಷಪಡುವ ವಿಷಯವಲ್ಲ, ಅದು ಇಂಧನ ಕೆಳಗಿಳಿದ ಗುರುತು.

ಲೆಕ್ಕದ ಪುಸ್ತಕಕ್ಕೆ ಸಿಗದ ಸಂಗತಿಗಳು ಮಳೆಗಾಲದಲ್ಲಿ ಎದುರಾಗುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದರೂ 10 ಅಶ್ವಶಕ್ತಿಯವರೆಗಿನ ಎಂಜಿನ್ ಹಾಕಿದ ನಾಡದೋಣಿಗಳಿಗೆ ಅವಕಾಶವಿದೆ. ದೊಡ್ಡ ದೋಣಿಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಿರುವಾಗ, ಒಂದು ತೂಫಾನ್ ಎದ್ದು ಕಡಲು ಬುಡದಿಂದ ಕಲಕಿ ತಣ್ಣಗಾದ ಮೇಲೆ ಬಂಗುಡೆ, ಬೂತಾಯಿ, ಸಿಗಡಿ ದಡದ ಹತ್ತಿರ ಸಿಗುವ ಆ ಕೆಲವೇ ದಿನಗಳು ನಾಡದೋಣಿಯವರ ವರ್ಷದ ಗಳಿಕೆಯ ದೊಡ್ಡ ಪಾಲು. ಅಂಥ ದಿನ ಅಳಿವೆ ದಾಟುವುದೆಂದರೆ ಹೂಳಿನ ದಿಬ್ಬದ ಮೇಲೆ ಒಡೆಯುವ ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ನುಗ್ಗುವುದು. ಆಗ ಎಂಜಿನ್ ಹಿಡಿದವನಿಗೆ ಬೇಕಾದದ್ದು ಮಿತವ್ಯಯವಲ್ಲ, ಹಿಡಿ ತಿರುವಿದ ತಕ್ಷಣ ದೋಣಿಯನ್ನು ಮುಂದೆ ನೂಕುವ ಎಳೆತ. ಟೂ ಸ್ಟ್ರೋಕ್ ಇದರಲ್ಲಿ ಮುಂದು. ಇಂಧನ ಇಂಜೆಕ್ಷನ್ ಇರುವ ಈಚಿನ ಫೋರ್ ಸ್ಟ್ರೋಕುಗಳು ಈ ಅಂತರವನ್ನು ಸಾಕಷ್ಟು ಕಡಿಮೆ ಮಾಡಿವೆ ಎಂಬುದೂ ನಿಜ; ಸವೆದ ಅಥವಾ ತಪ್ಪು ಅಳತೆಯ ಪ್ರೊಪೆಲ್ಲರ್ ಹಾಕಿಕೊಂಡು ಫೋರ್ ಸ್ಟ್ರೋಕನ್ನು ದೂರುವುದು ಸರಿಯಲ್ಲ.

ತೂಕದ್ದು ಇನ್ನೊಂದು ಕಷ್ಟ. 15 ಅಶ್ವಶಕ್ತಿಯ ಟೂ ಸ್ಟ್ರೋಕ್ ಸುಮಾರು 36 ಕಿಲೊ ಇದ್ದರೆ ಅದೇ ಶಕ್ತಿಯ ಫೋರ್ ಸ್ಟ್ರೋಕ್ 50 ಕಿಲೊದ ಆಸುಪಾಸು. ಜೆಟ್ಟಿ ಇರುವಲ್ಲಿ ಈ ಹದಿನಾಲ್ಕು ಕಿಲೊ ಗಮನಕ್ಕೂ ಬರುವುದಿಲ್ಲ. ದೋಣಿಯನ್ನು ಮರಳಿನ ಮೇಲೆ ಎಳೆದು, ಎಂಜಿನ್ ಕಳಚಿ ಹೆಗಲ ಮೇಲೆ ಮನೆಗೊಯ್ಯುವ ಕಡೆಗಳಲ್ಲಿ ಅದು ಒಬ್ಬನ ಕೆಲಸವನ್ನು ಇಬ್ಬರದ್ದಾಗಿಸುತ್ತದೆ. ಹೊತ್ತೊಯ್ದು ಎಲ್ಲೆಂದರಲ್ಲಿ ಮಲಗಿಸುವಂತೆಯೂ ಇಲ್ಲ: ಫೋರ್ ಸ್ಟ್ರೋಕನ್ನು ಕಂಪನಿ ಗುರುತು ಮಾಡಿದ ಮಗ್ಗುಲಿಗೇ ಮಲಗಿಸಬೇಕು, ತಪ್ಪಿದರೆ ಬಟ್ಟಲಿನ ಎಣ್ಣೆ ಸಿಲಿಂಡರಿಗೆ ಹರಿಯುತ್ತದೆ. ಕತ್ತಲಲ್ಲಿ, ಮಳೆಯಲ್ಲಿ, ಮೀನು ಇಳಿಸುವ ಗಡಿಬಿಡಿಯಲ್ಲಿ ಈ ಗುರುತನ್ನು ನೋಡುವವರಾರು?

ಶೆಡ್ಡಿನಲ್ಲಿ ಕಂಡ ಆ ಚಹಾ ಬಣ್ಣದ ದ್ರವಕ್ಕೆ ಮರಳುತ್ತೇನೆ. ಓಡುತ್ತಿರುವಾಗಲೇ ಮುಳುಗಿದರೆ ಎರಡೂ ಬಗೆಯವಕ್ಕೂ ಅಪಾಯವಿದೆ, ಸಿಲಿಂಡರಿಗೆ ನುಗ್ಗಿದ ನೀರನ್ನು ಪಿಸ್ಟನ್ ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗಬಹುದು. ಅದು ಆಗದೆ ಉಳಿದರೆ ಟೂ ಸ್ಟ್ರೋಕಿನಲ್ಲಿ ನೀರು ನಿಲ್ಲುವ ಜಾಗಗಳು ಕಡಿಮೆ. ಹೊರಹಾಕಿ, ಎಣ್ಣೆ ಬಿಟ್ಟು, ಕೆಲವೇ ಗಂಟೆಗಳಲ್ಲಿ ಓಡಿಸಿದರೆ ತುಕ್ಕಿನಿಂದ ಪಾರಾಗುತ್ತದೆ. ಫೋರ್ ಸ್ಟ್ರೋಕಿನಲ್ಲಿ ಉಪ್ಪುನೀರು ಎಣ್ಣೆಯ ಜತೆ ಕಲಸಿಕೊಂಡು ವಾಲ್ವುಗಳ ತನಕ ಹೋಗುತ್ತದೆ. ಎಣ್ಣೆ ತೆಗೆದು, ಹೊಸದು ಹಾಕಿ, ಓಡಿಸಿ, ಅದೂ ಬೆಳ್ಳಗಾದರೆ ಮತ್ತೆ ತೆಗೆದು ಹೀಗೆ ಮೂರು ನಾಲ್ಕು ಸುತ್ತು ಮಾಡಬೇಕು. ಇಂಜೆಕ್ಷನ್ ಇದ್ದರೆ ಅದರ ಕಂಪ್ಯೂಟರ್ ಮತ್ತು ವೈರಿನ ಜೋಡಣೆಗಳ ಕತೆ ಬೇರೆ. ಅಂದು ಕಂಡ ಎಂಜಿನ್ ಮತ್ತೆ ಕಡಲಿಗಿಳಿದದ್ದು ಹನ್ನೊಂದು ದಿನಗಳ ಮೇಲೆ, ಬಿಡಿಭಾಗವೊಂದು ಹೊರರಾಜ್ಯದಿಂದ ಬರಬೇಕಿತ್ತು. ಆ ಹನ್ನೊಂದರಲ್ಲಿ ನಾಲ್ಕು ದಿನ ಉಳಿದ ದೋಣಿಗಳಿಗೆ ಒಳ್ಳೆಯ ಮೀನು ಸಿಕ್ಕಿತ್ತು. ವರ್ಷವಿಡೀ ಪೆಟ್ರೋಲಿನಲ್ಲಿ ಉಳಿಸಿದ್ದರಲ್ಲಿ ಎಷ್ಟು ಹೋಯಿತು ಎಂದು ನಾನು ಕೇಳಲಿಲ್ಲ, ಕೇಳುವ ಮುಖವೂ ಇರಲಿಲ್ಲ.

ನನಗೆ ಕಾಣುವಂತೆ ಈ ಇಡೀ ಆಯ್ಕೆಯ ತಿರುಳು ಇಲ್ಲಿದೆ. ಟೂ ಸ್ಟ್ರೋಕ್ ತನ್ನ ಖರ್ಚನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ ವಸೂಲು ಮಾಡುತ್ತದೆ, ಫೋರ್ ಸ್ಟ್ರೋಕ್ ಮೊದಲ ದಿನ ಒಮ್ಮೆ, ಕೆಟ್ಟ ದಿನ ಇನ್ನೊಮ್ಮೆ ದೊಡ್ಡ ಮೊತ್ತ ಕೇಳುತ್ತದೆ. ಐದು ವರ್ಷದ ಒಟ್ಟು ಲೆಕ್ಕದಲ್ಲಿ ಎರಡನೆಯದೇ ಅಗ್ಗ. ಆದರೆ ಮೀನು ಮಾರಿದ ದಿನದ ದುಡ್ಡಿನಲ್ಲಿ ನಾಳೆಯ ಪೆಟ್ರೋಲ್ ಹಾಕಿಸುವ ಮನೆಗೆ ಐದು ವರ್ಷದ ಒಟ್ಟು ಲೆಕ್ಕ ಕೈಗೆ ಸಿಗುವ ವಸ್ತುವಲ್ಲ; ಒಂದೇ ಸಲ ದೊಡ್ಡ ಮೊತ್ತ ಹೊಂದಿಸುವುದಕ್ಕಿಂತ ದಿನಕ್ಕೆ ನಾನೂರೈವತ್ತು ಹೆಚ್ಚು ತೆರುವುದು ಅದಕ್ಕೆ ಸುಲಭ. ಇದನ್ನು ಮೀನುಗಾರರ ಹಠವೆಂದೋ ಹಳೆಯದಕ್ಕೆ ಅಂಟಿಕೊಂಡ ಬುದ್ಧಿಯೆಂದೋ ಬರೆಯುವ ಅಧಿಕಾರಿಗಳ ಟಿಪ್ಪಣಿಗಳು ಕಾಣದೆ ಬಿಡುವುದು ಇದನ್ನೇ.

ಪೆಟ್ರೋಲಿನದ್ದೇ ಒಂದು ಹೊಸ ತೊಡಕು ಇದಕ್ಕೆ ಸೇರಿಕೊಂಡಿದೆ. ನಾಡದೋಣಿಗಳು ಪೆಟ್ರೋಲಿಗೆ ಹೊರಳುತ್ತಿರುವ ವರ್ಷಗಳಲ್ಲೇ ದೇಶದ ಬಂಕುಗಳಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ಔಟ್‌ಬೋರ್ಡ್ ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಒಪ್ಪುವುದು ಶೇ 10ರವರೆಗೆ ಮಾತ್ರ. ಎಥನಾಲಿಗೆ ನೀರನ್ನು ಹೀರುವ ಗುಣವಿದೆ. ಕಾರಿನ ಮುಚ್ಚಿದ ಟ್ಯಾಂಕಿನಲ್ಲಿ ಇದು ಅಷ್ಟು ತೊಂದರೆ ಕೊಡದು; ಗಾಳಿಕಿಂಡಿ ತೆರೆದ ಪ್ಲಾಸ್ಟಿಕ್ ಕ್ಯಾನ್, ಸುತ್ತ ಕಡಲು, ಮೇಲೆ ಮಳೆ ಇರುವ ಜಾಗದಲ್ಲಿ ವಾರಗಟ್ಟಲೆ ಇಟ್ಟ ಪೆಟ್ರೋಲಿನಿಂದ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಂಜಿನ್ನಿನ ಕೊಳವೆ ಎಳೆದುಕೊಳ್ಳುವುದು ತಳದಿಂದ. ಫೋರ್ ಸ್ಟ್ರೋಕಿನಲ್ಲಿ ಇದು ಇಂಧನ ಹಾಯುವ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಾದ ಜೆಟ್ಟುಗಳನ್ನು ಕಟ್ಟಿಸುತ್ತದೆ ಅಥವಾ ಇಂಜೆಕ್ಟರ್ ಕೆಡಿಸುತ್ತದೆ. ಟೂ ಸ್ಟ್ರೋಕಿನಲ್ಲಿ ಪರಿಣಾಮ ಇನ್ನೂ ಕೆಟ್ಟದ್ದು: ತಳದ ಆ ಪದರದಲ್ಲಿ ಎಣ್ಣೆ ಬಹುಮಟ್ಟಿಗೆ ಇರುವುದೇ ಇಲ್ಲವಾದ್ದರಿಂದ ಎಂಜಿನ್ ಒಣಗಿ ಓಡಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಯಾವ ಎಂಜಿನ್ನೇ ಕೊಂಡರೂ ನೀರು ಬೇರ್ಪಡಿಸುವ ಫಿಲ್ಟರ್ ಒಂದನ್ನು ಜತೆಗೇ ಕೊಳ್ಳಬೇಕು, ಕ್ಯಾನನ್ನು ತುಂಬಾ ತುಂಬಿಸಿಡಬೇಕು, ಎರಡು ವಾರಕ್ಕಿಂತ ಹಳೆಯ ಪೆಟ್ರೋಲನ್ನು ದೋಣಿಗೆ ಹಾಕುವ ಬದಲು ಬೈಕಿಗೆ ಹಾಕಿ ಮುಗಿಸುವುದು ಲೇಸು.

ಸರ್ಕಾರದ ನೆರವು ಎಂಜಿನ್ನಿನ ಬೆಲೆಯಲ್ಲಿ ನಿಂತುಬಿಟ್ಟಿರುವುದು ನನ್ನ ತಕರಾರು. ಯಾಂತ್ರೀಕೃತ ದೋಣಿಗಳ ಡೀಸೆಲ್ಲಿಗೆ ಮಾರಾಟ ತೆರಿಗೆಯ ವಿನಾಯಿತಿ ಇದೆ. ಸೀಮೆಎಣ್ಣೆ ಬಿಟ್ಟು ಪೆಟ್ರೋಲಿಗೆ ಬಂದ ನಾಡದೋಣಿಯವನು ಮಾತ್ರ ಕ್ಯಾನ್ ಹಿಡಿದು ಎಲ್ಲರಂತೆ ಬಂಕಿನ ಸಾಲಿನಲ್ಲಿ ನಿಲ್ಲುತ್ತಾನೆ. 50,000 ರೂಪಾಯಿಯನ್ನು ಎಂಜಿನ್ನಿಗೆ ಕೊಡುವ ಜತೆಗೆ ಗಂಗೊಳ್ಳಿ, ಭಟ್ಕಳ, ಕಾರವಾರದಂಥ ಕಡೆಗಳಲ್ಲಿ ನಾಲ್ಕಾರು ಯುವಕರಿಗೆ ಫೋರ್ ಸ್ಟ್ರೋಕ್ ರಿಪೇರಿಯ ತರಬೇತಿ ಮತ್ತು ಇಂಪೆಲ್ಲರ್, ಗ್ಯಾಸ್ಕೆಟ್, ಫಿಲ್ಟರಿನಂಥ ಬಿಡಿಭಾಗಗಳ ಒಂದು ದಾಸ್ತಾನು ಇಟ್ಟರೆ ಆ ಹನ್ನೊಂದು ದಿನ ಮೂರಕ್ಕೆ ಇಳಿಯುತ್ತದೆ. ಕೆಟ್ಟ ದಿನದ ದೊಡ್ಡ ಮೊತ್ತವನ್ನು ಸಣ್ಣದಾಗಿಸಲು ಮುಳುಗಿದ ಎಂಜಿನ್ನಿಗೂ ಅನ್ವಯಿಸುವ ವಿಮೆ ಬೇಕು. ಬೆಂಗಳೂರಿನ ಟೂ ಸ್ಟ್ರೋಕ್ ಆಟೊಗಳು ರಸ್ತೆ ಬಿಡುವುದು ಸಾಧ್ಯವಾದದ್ದಕ್ಕೆ ಸಹಾಯಧನದಷ್ಟೇ, ಹೊಸ ಆಟೊವನ್ನು ಮೂಲೆ ಮೂಲೆಯ ಗ್ಯಾರೇಜಿನಲ್ಲೂ ಬಿಚ್ಚಿ ಜೋಡಿಸುವವರಿದ್ದದ್ದೂ ಕಾರಣ.

ಎಂಜಿನ್ ಬದಲಿಸದೆಯೂ ಉಳಿಸುವ ದಾರಿಯೊಂದಿದೆ, ಅದನ್ನು ಹೇಳುವವರು ಕಡಿಮೆ, ಏಕೆಂದರೆ ಅದರಲ್ಲಿ ಮಾರಲು ಏನೂ ಇಲ್ಲ. ಭಾರ ತುಂಬಿ ನೀರನ್ನು ಸೀಳಿಕೊಂಡು ಸಾಗುವ ದೋಣಿಗೆ ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗವನ್ನು ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಅಷ್ಟೇ ದೂರಕ್ಕೆ ತಗಲುವ ಇಂಧನ ಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಒಂದು ಗಂಟೆಯ ದಾರಿಗೆ ಆರೇಳು ನಿಮಿಷ ಹೆಚ್ಚು. ಹೋಗುವಾಗ ಇದಕ್ಕೆ ಒಪ್ಪುವವರು ಸಿಗಬಹುದು. ಮೀನು ತುಂಬಿಕೊಂಡು ಹರಾಜಿಗೆ ಮೊದಲು ತಲುಪಬೇಕಾದ ದೋಣಿಯವರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ದಿನಕ್ಕೆ ಎರಡು ಮೂರು ಗಂಟೆ ಎಂಜಿನ್ ಓಡಿಸುವ, ಜೆಟ್ಟಿಯ ಅನುಕೂಲವಿರುವ, ಫೋರ್ ಸ್ಟ್ರೋಕ್ ಬಲ್ಲ ಮೆಕ್ಯಾನಿಕ್ ಅರ್ಧ ದಿನದ ದೂರದಲ್ಲಿರುವ ದೋಣಿಗೆ ಇನ್ನು ಟೂ ಸ್ಟ್ರೋಕ್ ಕೊಳ್ಳಲು ಕಾರಣ ಉಳಿದಿಲ್ಲ. ಪಂಚಗಂಗಾವಳಿಯಂಥ ಹೊಳೆಬಾಯಿಗಳ ಒಳಗೇ ಮೀನು, ಮಳಿ ಎಂಬ ಚಿಪ್ಪುಮೀನು ಹಿಡಿಯುವವರಿಗಂತೂ ಅದು ಉಣ್ಣುವ ತಟ್ಟೆಗೇ ಎಣ್ಣೆ ಸುರಿದಂತೆ. ಮರಳ ದಡದಿಂದ ಅಳಿವೆ ದಾಟಿ ಮಳೆಗಾಲದಲ್ಲೇ ದುಡಿಯುವವನಿಗೆ ಇದನ್ನೇ ಅಷ್ಟು ಖಚಿತವಾಗಿ ಹೇಳಲಾರೆ. ಆ ಶೆಡ್ಡಿನಲ್ಲಿ ಹನ್ನೊಂದು ದಿನ ಕಾದ ದೋಣಿಯವರು ಫೋರ್ ಸ್ಟ್ರೋಕನ್ನು ಮಾರಲಿಲ್ಲ. ಮರುವರ್ಷ ಮೇ ತಿಂಗಳ ಕೊನೆಯಲ್ಲಿ ಅದನ್ನು ಸಿಹಿನೀರಿನಲ್ಲಿ ತೊಳೆದು, ಎಣ್ಣೆ ಬದಲಿಸಿ, ಚಾವಡಿಯ ಮೂಲೆಯ ಮರದ ಸ್ಟ್ಯಾಂಡಿಗೆ ನೆಟ್ಟಗೆ ಕಚ್ಚಿಸಿ ಗೋಣಿ ಹೊದಿಸಿದರು. ಜೂನ್, ಜುಲೈಗೆಂದು ಪಕ್ಕದ ಮನೆಯವರ ಹಳೆಯ ಟೂ ಸ್ಟ್ರೋಕೊಂದನ್ನು ಕೊಂಡು ತಂದು ಪ್ಲಗ್ ಉಜ್ಜಿಟ್ಟರು.